ಹತ್ತುಮೀನಿನ ಕಾಲದ ಕಾನೂನು

ಮುಂಗಾರಿನ ಮೊದಲ ಜೋರುಮಳೆಗೆ ಹೊಳೆಯ ನೀರು ಕೆಂಪಾಗಿ ಏರತೊಡಗಿದಾಗ ಮಲೆನಾಡಿನ ಮೀನುಗಳು ಸೆಳವಿಗೆ ಎದುರಾಗಿ ಮೇಲಕ್ಕೆ ಹೊರಡುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಅಲ್ಲಿಂದ ನೀರು ನಿಂತ ಗದ್ದೆಗೆ. ಜನ ಹತ್ತುಮೀನು ಎನ್ನುವುದು ಇದಕ್ಕೇ. ವರ್ಷದಲ್ಲಿ ಕೆಲವೇ ದಿನ ನಡೆಯುವ ಈ ಏರಾಟದ ಮೇಲೆ ಆ ಹೊಳೆಯ ಮುಂದಿನ ಎರಡು ಮೂರು ವರ್ಷಗಳ ಮೀನು ನಿಂತಿರುತ್ತದೆ. ಸಿಹಿನೀರಿನ ಮೀನುಗಾರಿಕೆಗೆ ಸಂಬಂಧಿಸಿದ ನಿಯಮಗಳು ಹಲವು ಇದ್ದರೂ ಅವುಗಳಲ್ಲಿ ಹೆಚ್ಚಿನವು ಸುತ್ತಿ ಬರುವುದು ಈ ಒಂದು ಸಂಗತಿಯ ಸುತ್ತಲೇ: ಮೀನಿಗೆ ಮೊಟ್ಟೆಯಿಡಲು ಒಮ್ಮೆಯಾದರೂ ಅವಕಾಶ ಸಿಗಬೇಕು.

ಏರುವ ಮೀನಿನ ಹೊಟ್ಟೆ ಉಬ್ಬಿರುತ್ತದೆ, ಮೊಟ್ಟೆ ಬಲಿತಿರುತ್ತದೆ. ಬೇಸಿಗೆಯ ಉದ್ದಕ್ಕೂ ಮೊಟ್ಟೆ ಬೆಳೆದು ಸಿದ್ಧವಾಗಿದ್ದರೂ ಅದು ಹೊರಬರಲು ಮಳೆಯ ಸೂಚನೆ ಬೇಕು. ನೀರು ತಣ್ಣಗಾಗಬೇಕು, ಕದಡಬೇಕು, ಸೆಳವು ಹೆಚ್ಚಬೇಕು. ಮರಿಗಳಿಗೆ ಹೊಸನೀರು ಹರಡಿದ ತಗ್ಗುಜಾಗವೇ ಒಳ್ಳೆಯ ತೊಟ್ಟಿಲು. ಅಲ್ಲಿ ನೀರು ಆಳವಿಲ್ಲ, ಸೆಳವಿಲ್ಲ, ದೊಡ್ಡ ಮೀನಿನ ಕಾಟ ಕಡಿಮೆ, ಕಣ್ಣಿಗೆ ಕಾಣದ ಜಲಜೀವಿಗಳ ಆಹಾರ ಹೇರಳ. ರೋಹು, ಕಾಟ್ಲಾಗಳಂಥ ಗೆಂಡೆ ಜಾತಿಯ ಮೊಟ್ಟೆ ಬೆಚ್ಚಗಿನ ನೀರಿನಲ್ಲಿ ಒಂದು ದಿನ ತುಂಬುವ ಮೊದಲೇ ಒಡೆಯುತ್ತದೆ. ಒಂದು ಕಿಲೋ ತೂಗುವ ಹೆಣ್ಣು ರೋಹು ಎರಡು ಲಕ್ಷದಷ್ಟು ಮೊಟ್ಟೆ ಇಡಬಲ್ಲದು. ಅಷ್ಟರಲ್ಲಿ ದೊಡ್ಡದಾಗುವವು ಬೆರಳೆಣಿಕೆಯವು ಎನ್ನುವುದೂ ನಿಜ. ಹಕ್ಕಿ, ಕಪ್ಪೆ, ನೀರುಹುಳ, ಬೇರೆ ಮೀನು ಎಲ್ಲಕ್ಕೂ ಪಾಲು ಸಂದಮೇಲೆ ಉಳಿದದ್ದೇ ಹೊಳೆಯ ಸಂತತಿ.

ಬದು ಒಡೆದು ನೀರು ಇಳಿಯುವ ಕಡೆ ಇಡುವ ಕೂಳಿ ಹಳೆಯ ಸಾಧನ. ಬಿದಿರ ಕಡ್ಡಿಗಳನ್ನು ಹೆಣೆದು ಮಾಡಿದ ಬುಟ್ಟಿಯ ಬಾಯಿಗೆ ಒಳಮುಖವಾಗಿ ಚೂಪುಕಡ್ಡಿಗಳಿರುತ್ತವೆ. ಒಳಹೊಕ್ಕ ಮೀನು ಹೊರಗೆ ಬಾರದು. ಕೂಳಿಯ ಬಾಯಿ ಕೆಳಮುಖವಾಗಿದ್ದರೆ ಏರುವ ಬಸುರಿ ಮೀನು ಸಿಗುತ್ತದೆ, ಮೇಲ್ಮುಖವಾಗಿದ್ದರೆ ಮೊಟ್ಟೆಯಿಟ್ಟು ಇಳಿಯುವ ಮೀನು. ನೋಡುವವರಿಗೆ ಇದು ಬುಟ್ಟಿಯನ್ನು ತಿರುಗಿಸಿಟ್ಟಷ್ಟೇ, ಹೊಳೆಯ ಮಟ್ಟಿಗೆ ಮಾತ್ರ ಇದರ ಅಂತರ ದೊಡ್ಡದು. ಇಳಿಯುವ ಮೀನಿನ ಕೆಲಸ ಮುಗಿದಿರುತ್ತದೆ. ಕಡ್ಡಿಗಳ ನಡುವಿನ ಸಂದು ಅಗಲವಾಗಿದ್ದರೆ ಅದರ ಜೊತೆಗೆ ಬರುವ ಮರಿಗಳೂ ಜಾರಿಕೊಳ್ಳುತ್ತವೆ. ರಾತ್ರಿಯಿಡೀ ಬ್ಯಾಟರಿ ಹಿಡಿದು ಗದ್ದೆಯಂಚಿನಲ್ಲಿ ಕತ್ತಿ, ಬಡಿಗೆಗಳಿಂದ ಏರುಮೀನನ್ನು ಬಡಿಯುವ ಬೇಟೆಗೆ ಇಂಥ ಯಾವ ತಾರತಮ್ಯವೂ ಇಲ್ಲ. ಮೀನಿನ ಓಟ ಒಂದೇ ದಾರಿಯಲ್ಲಿರುವ ಕಾರಣ ಆ ದಾರಿಯನ್ನು ನಾಲ್ಕು ಜನ ಕಟ್ಟಿದರೂ ಒಂದು ಹಳ್ಳದ ಇಡೀ ವರ್ಷದ ಸಂತಾನ ಬರಿದಾಗಬಹುದು.

ಸಂತಾನದ ಕಾಲಕ್ಕೆ ಮೀನು ಹಿಡಿಯದಿರಲು ಕಾನೂನು ಬೇಕು ಎಂಬ ಮಾತು ಈ ನಾಡಿನಲ್ಲಿ ನೂರೈವತ್ತು ವರ್ಷ ಹಳೆಯದು. ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಎಚ್.ಎಸ್. ಥಾಮಸ್ 1870ರಲ್ಲಿ ಆ ಜಿಲ್ಲೆಯ ಮೀನಿನ ಕುರಿತು ವರದಿ ಬರೆದರು. ಸಣ್ಣಕಣ್ಣಿನ ಬಲೆ, ವಿಷ, ಅಣೆಕಟ್ಟಿನ ತಡೆ ಇವೇ ಅಂದಿನ ದೂರುಗಳೂ ಆಗಿದ್ದವು. ಮೀನುತಜ್ಞ ಫ್ರಾನ್ಸಿಸ್ ಡೇ 1873ರಲ್ಲಿ ಇಡೀ ದೇಶದ ಸಿಹಿನೀರು ಮೀನುಗಾರಿಕೆಯ ಸ್ಥಿತಿಯನ್ನು ಸರ್ಕಾರದ ಮುಂದಿಟ್ಟರು. ಭಾರತೀಯ ಮೀನುಗಾರಿಕೆ ಕಾಯ್ದೆ ಬಂದದ್ದು 1897ರಲ್ಲಿ. ಸ್ಫೋಟಕ ಸಿಡಿಸಿ ಅಥವಾ ನೀರಿಗೆ ವಿಷ ಬೆರೆಸಿ ಮೀನು ಕೊಲ್ಲುವುದನ್ನು ಅದು ಅಪರಾಧ ಎಂದಿತು. ಎರಡು ತಿಂಗಳವರೆಗೆ ಸೆರೆ ಅಥವಾ 200 ರೂಪಾಯಿವರೆಗೆ ದಂಡ. ಬಲೆಯ ಕಣ್ಣಿನ ಅಳತೆ, ನೀರಿಗೆ ಅಡ್ಡಲಾಗಿ ನಿಲ್ಲಿಸುವ ತಡೆಗಳು, ಯಾವುದಾದರೂ ನೀರನ್ನು ಎರಡು ವರ್ಷದವರೆಗೆ ಪೂರ್ತಿ ಮುಚ್ಚಿಡುವುದು, ಈ ವಿಷಯಗಳಲ್ಲಿ ನಿಯಮ ಮಾಡುವ ಅಧಿಕಾರವನ್ನು ಪ್ರಾಂತಗಳಿಗೆ ಕೊಟ್ಟಿತು. ಮೈಸೂರು ಸಂಸ್ಥಾನ 1901ರಲ್ಲಿ ಬೇಟೆ ಮತ್ತು ಮೀನಿನ ಸಂರಕ್ಷಣೆಗೆ ತನ್ನದೇ ಕಾನೂನು ಮಾಡಿಕೊಂಡಿತು. ರಾಜ್ಯದಲ್ಲಿ ಈಗ ಮುಖ್ಯವಾಗಿ ಅನ್ವಯವಾಗುವುದು 1996ರ ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆ. ನದಿ, ಜಲಾಶಯಗಳಲ್ಲಿ ಮೀನು ಹಿಡಿಯಲು ಪರವಾನಗಿ ಬೇಕು, ಕೆರೆಗಳಲ್ಲಿ ಗುತ್ತಿಗೆ ಪಡೆದವರಿಗೆ ಮಾತ್ರ ಹಕ್ಕು. ಇವನ್ನು ಕೊಡುವುದೂ ನಿಯಮ ಜಾರಿ ಮಾಡುವುದೂ ಮೀನುಗಾರಿಕೆ ಇಲಾಖೆ.

ಸ್ಫೋಟಕವನ್ನು ಎಲ್ಲ ಕಾನೂನುಗಳೂ ಮೊದಲು ಹೆಸರಿಸಲು ಕಾರಣವಿದೆ. ನೀರಿನೊಳಗೆ ತೋಟೆ ಸಿಡಿದಾಗ ಹುಟ್ಟುವ ಒತ್ತಡದ ಅಲೆ ಮೀನಿನ ಹೊಟ್ಟೆಯಲ್ಲಿರುವ ಗಾಳಿಚೀಲವನ್ನು ಒಡೆಯುತ್ತದೆ. ಚೀಲ ಒಡೆದ ಮೀನುಗಳಲ್ಲಿ ಬಹಳಷ್ಟು ತೇಲುವುದಿಲ್ಲ, ತಳ ಸೇರುತ್ತವೆ. ಸಿಡಿಸಿದವರ ಕೈಗೆ ಸಿಗುವುದು ಸತ್ತದ್ದರಲ್ಲಿ ಒಂದು ಪಾಲು ಮಾತ್ರ. ಮಡುವಿನಲ್ಲಿದ್ದ ಮರಿ, ಮೊಟ್ಟೆ, ಏಡಿ, ಸೀಗಡಿಗಳ ಲೆಕ್ಕ ಯಾರಿಗೂ ಸಿಗದು. ಕಲ್ಲುಕ್ವಾರಿಯ ತೋಟೆಯನ್ನು ಹೀಗೆ ಬಳಸಿದವರ ಮೇಲೆ 1908ರ ಸ್ಫೋಟಕ ವಸ್ತುಗಳ ಕಾಯ್ದೆಯಡಿಯೂ ಮೊಕದ್ದಮೆ ಹೂಡಬಹುದು. ಅದರ ಶಿಕ್ಷೆ ಮೀನುಗಾರಿಕೆ ಕಾಯ್ದೆಯದಕ್ಕಿಂತ ಎಷ್ಟೋ ಪಟ್ಟು ಕಠಿಣ.

ವಿಷದ ಬಳಕೆ ಇನ್ನೂ ಗುಟ್ಟಾಗಿ ನಡೆಯುವಂಥದ್ದು. ಕಾರೆಕಾಯಿಯಂಥ ಕಾಡುಕಾಯಿಗಳನ್ನು ಜಜ್ಜಿ ನಿಂತ ನೀರಿಗೆ ಹಾಕಿ ಮೀನಿನ ಕಿವಿರು ಕಟ್ಟಿಸುವ ರೂಢಿ ಹಿಂದಿನಿಂದ ಇತ್ತು. ಆ ಕಾಯಿಗಳ ಸತ್ವ ಬೇಗ ಕಳೆದುಹೋಗುತ್ತಿತ್ತು. ಅದರ ಜಾಗಕ್ಕೆ ಈಗ ಬ್ಲೀಚಿಂಗ್ ಪುಡಿ, ಕೀಟನಾಶಕ ಬಂದಿವೆ. ಬೇಸಿಗೆಯಲ್ಲಿ ಹೊಳೆ ಬತ್ತಿ ಮಡುಗಳಷ್ಟೇ ಉಳಿದಾಗ ಒಂದು ಡಬ್ಬಿ ಕೀಟನಾಶಕ ಒಂದು ಮಡುವನ್ನು ನಿರ್ಜೀವ ಮಾಡಲು ಸಾಕು, ಕೆಳಗಿನ ಊರಿನವರು ಕುಡಿಯುವುದೂ ಅದೇ ನೀರು. ಬೇಕೆಂದು ಹಾಕದ ವಿಷವೂ ಇದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದು ಮಳೆಗಾಲದ ಆರಂಭದಲ್ಲಿ, ಅಂದರೆ ಮೀನು ಏರುವ ಹೊತ್ತಿನಲ್ಲೇ. ಅದರಲ್ಲಿರುವ ಮೈಲುತುತ್ತದ ತಾಮ್ರ ಮೀನಿಗೆ, ಅದರಲ್ಲೂ ಮರಿಗಳಿಗೆ, ಬಹಳ ಅಲ್ಪ ಪ್ರಮಾಣದಲ್ಲೇ ಮಾರಕ. ದ್ರಾವಣ ಕಲಸಿದ ಡ್ರಮ್ಮು, ಪಂಪುಗಳನ್ನು ತೋಡಿನಲ್ಲಿ ಅದ್ದಿ ತೊಳೆಯುವ ಬದಲು ತೋಟದ ಮಣ್ಣಿನ ಮೇಲೆ ತೊಳೆದರೆ ಮರಕ್ಕೆ ನಷ್ಟವಿಲ್ಲ, ತೋಡಿಗೆ ದೊಡ್ಡ ಲಾಭ. ಕಾಫಿಸೀಮೆಯಲ್ಲಿ ಹಣ್ಣು ಪಲ್ಪ್ ಮಾಡಿದ ನೀರನ್ನು ಹಳ್ಳಕ್ಕೆ ಬಿಟ್ಟರೆ ಅದು ಕೊಳೆಯುವಾಗ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಇದಕ್ಕೆ 1974ರ ಜಲಮಾಲಿನ್ಯ ತಡೆ ಕಾಯ್ದೆ ಅನ್ವಯ. ವಿದ್ಯುತ್ ತಂತಿಯನ್ನು ನೀರಿಗೆ ಇಳಿಸಿ ಮೀನು ಹಿಡಿಯಲು ಹೋದವರು ತಾವೇ ಪ್ರಾಣ ಕಳೆದುಕೊಂಡ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತವೆ.

ಬಲೆಯ ವಿಷಯಕ್ಕೆ ಬಂದರೆ ಎಲ್ಲವೂ ಕಣ್ಣಿನ ಅಳತೆಯಲ್ಲಿದೆ. ನೀರಿಗೆ ಅಡ್ಡವಾಗಿ ಗೋಡೆಯಂತೆ ನಿಲ್ಲಿಸುವ ಬಲೆಯಲ್ಲಿ ಮೀನಿನ ತಲೆ ತೂರಿ ಕಿವಿರಿನ ಹತ್ತಿರ ಸಿಕ್ಕಿಕೊಳ್ಳುತ್ತದೆ. ಕಣ್ಣಿಗಿಂತ ಚಿಕ್ಕ ಮೀನು ದಾಟಿಹೋಗುತ್ತದೆ, ತೀರ ದೊಡ್ಡ ಮೀನಿನ ತಲೆ ತೂರುವುದೇ ಇಲ್ಲ. ಹಾಗಾಗಿ ಯಾವ ಗಾತ್ರದ ಮೀನು ಸಾಯಬೇಕೆಂದು ತೀರ್ಮಾನವಾಗುವುದು ಬಲೆ ಕೊಳ್ಳುವ ಅಂಗಡಿಯಲ್ಲಿಯೇ. ಒಮ್ಮೆ ಮೊಟ್ಟೆಯಿಟ್ಟ ಗಾತ್ರದ ಮೀನಷ್ಟೇ ಸಿಗುವಂತೆ ಕಣ್ಣು ಅಗಲವಾಗಿರಬೇಕು. ಬಹಳ ದೊಡ್ಡ ಹೆಣ್ಣು ಮೀನು ತಪ್ಪಿಸಿಕೊಂಡರೆ ಅದೂ ಲಾಭವೇ, ದೊಡ್ಡದಾದಷ್ಟೂ ಅದರ ಮೊಟ್ಟೆಯ ರಾಶಿ ಹೆಚ್ಚುತ್ತದೆ. ಈ ತತ್ವಕ್ಕೆ ಪೂರ್ತಿ ವಿರುದ್ಧವಾದದ್ದು ತುಂಗಭದ್ರಾ ಜಲಾಶಯದಲ್ಲಿ ಕುಖ್ಯಾತವಾದ ಅಲಿವಿ ಬಲೆ. ದಡದಿಂದ ಬಹು ದೂರದವರೆಗೆ ಸುತ್ತುಹಾಕಿ ಹಲವರು ಸೇರಿ ಎಳೆಯುವ ಈ ಬಲೆಯ ಕಣ್ಣು ಎಷ್ಟು ಸಣ್ಣದೆಂದರೆ ಬೆರಳುದ್ದದ ಮರಿಗಳೂ ಉಳಿಯುವುದಿಲ್ಲ. ಹಿಡಿದದ್ದನ್ನು ಮರಳಿನ ಮೇಲೆ ಒಣಗಿಸಿ ಒಣಮೀನಾಗಿ ಮಾರುತ್ತಾರೆ. ಇಲಾಖೆ ಖರ್ಚುಮಾಡಿ ಬಿಟ್ಟ ಕಾಟ್ಲಾ, ರೋಹು ಮರಿಗಳು ಕಿಲೋಗಟ್ಟಲೆ ತೂಗುವ ಮೊದಲೇ ಹೀಗೆ ಹಿಡಿಲೆಕ್ಕದಲ್ಲಿ ಹೋಗುವುದು ಮೀನುಗಾರರ ಹೊಟ್ಟೆಯ ಮೇಲೇ ಬೀಳುವ ಪೆಟ್ಟು. ಸೊಳ್ಳೆಪರದೆಯನ್ನು ಬಲೆಯಾಗಿ ಬಳಸುವುದರ ಫಲವೂ ಇದೇ. ಹರಿದ ನೈಲಾನ್ ಬಲೆಯನ್ನು ನೀರಿನಲ್ಲೇ ಬಿಟ್ಟುಬಂದರೆ ಅದು ಕೊಳೆಯದೆ ವರ್ಷಗಟ್ಟಲೆ ಮೀನು, ಆಮೆ, ನೀರುಕಾಗೆ, ನೀರುನಾಯಿಗಳನ್ನು ಸಿಕ್ಕಿಸುತ್ತಿರುತ್ತದೆ.

ಕೊರವ ಮೀನಿನ ಬೇಟೆ ಬೇರೆಯೇ ಬಗೆಯದು. ಕೆರೆಯ ಜೊಂಡಿನ ನಡುವೆ ಕೆಂಪನೆಯ ಸಣ್ಣ ಮರಿಗಳ ಗುಂಪು ನೀರಿನ ಮೇಲ್ಮೈಯಲ್ಲಿ ಮಿಜಿಗುಟ್ಟುತ್ತಿದ್ದರೆ ಅದರ ಅಡಿಯಲ್ಲೇ ತಾಯಿತಂದೆ ಕಾವಲಿರುತ್ತವೆ. ಗಾಳ ಹಾಕುವವರಿಗೆ ಇದು ಗೊತ್ತು. ಗುಂಪಿನ ನಡುವೆ ಗಾಳ ಬಿದ್ದರೆ ಮರಿಗಳಿಗೆ ಅಪಾಯವೆಂದು ಕಾವಲಿನ ಮೀನು ಎರಗುತ್ತದೆ, ಸಿಕ್ಕಿಕೊಳ್ಳುತ್ತದೆ. ಆಮೇಲೆ ಆ ಮರಿಗಳು ಉಳಿದ ಮೀನುಗಳ ಪಾಲು. ಮರಿಗುಂಪು ಕಂಡಲ್ಲಿ ಗಾಳ ಹಾಕದಿರುವುದಕ್ಕೆ ಕಾಯ್ದೆಯ ಕಲಂ ಹುಡುಕಬೇಕಾಗಿಲ್ಲ.

ಮೀನು ಕಡಿಮೆಯಾದರೆ ಮರಿ ಬಿಟ್ಟರಾಯಿತು ಎನ್ನುವ ನಂಬಿಕೆ ವ್ಯಾಪಕವಾಗಿದೆ. ಅದಕ್ಕೆ ಆಧಾರವೂ ಇಲ್ಲದಿಲ್ಲ. 1957ರ ಜುಲೈ 10ರಂದು ಒಡಿಶಾದಲ್ಲಿ ಹೀರಾಲಾಲ್ ಚೌಧುರಿ ಮತ್ತು ಸಂಗಡಿಗರು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನುಗಳು ಸಾಕಣೆಯಲ್ಲೇ ಮೊಟ್ಟೆಯಿಡುವಂತೆ ಮಾಡಿದರು. ಆ ದಿನವನ್ನು ದೇಶ ಮೀನು ಕೃಷಿಕರ ದಿನವಾಗಿ ಆಚರಿಸುತ್ತದೆ. ಅಲ್ಲಿಯವರೆಗೆ ನದಿಯಿಂದಲೇ ಮರಿ ಆಯ್ದು ತರಬೇಕಿತ್ತು. ಇಂದು ಕರ್ನಾಟಕದ ಕೆರೆಗಳಲ್ಲಿ ಸಿಗುವ ಕಾಟ್ಲಾ, ರೋಹು, ಮೃಗಾಲ್‌ಗಳೆಲ್ಲ ಬಹುಮಟ್ಟಿಗೆ ಬಿತ್ತನೆಯ ಫಲ, ಅವು ಮೂಲದಲ್ಲಿ ಗಂಗೆಯ ಬಯಲಿನವು. ಕೆರೆಯಲ್ಲಿ ಈ ವಿಧಾನ ಸರಿ, ಅದು ರಾಗಿಹೊಲದಂತೆ, ಬಿತ್ತಿದವರು ಕೊಯ್ಯಬಹುದು. ನದಿಯ ಸಂಗತಿ ಹಾಗಲ್ಲ. ಅಲ್ಲಿ ನೂರಾರು ಜಾತಿಗಳಿವೆ, ಹೆಚ್ಚಿನವುಗಳಿಗೆ ಯಾವ ಮರಿಕೇಂದ್ರವೂ ಇಲ್ಲ. ರಾಜ್ಯದ ಮೀನೆಂದು ಹೆಸರಿಸಿರುವ ಕರ್ನಾಟಿಕ್ ಕಾರ್ಪ್ ಕೂಡ ಹೊಳೆಯ ಹರಿವನ್ನೇ ನಂಬಿ ಬದುಕುವ ಜೀವಿ.

ಮರಿ ಬಿಡುವುದೇ ಸಂರಕ್ಷಣೆ ಎಂದುಕೊಂಡರೆ ಏನಾಗಬಹುದು ಎಂಬುದಕ್ಕೆ ಕಾವೇರಿಯ ಮಹಶೀರ್ ಸಾಕ್ಷಿ. ಬಿಳಿಮೀನು ಎಂದೂ ಕರೆಸಿಕೊಳ್ಳುವ ಈ ಜಾತಿಯಲ್ಲಿ ಬೆನ್ನು ಗೂನಾಗಿ ರೆಕ್ಕೆ ಕಿತ್ತಳೆ ಬಣ್ಣದ್ದಾದ ಬಗೆ ಕಾವೇರಿ ಜಲಾನಯನದಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗಿತ್ತು. ಮುಂದೆ ಈ ಮೀನು ವಿರಳವಾದಾಗ ಲೋಣಾವಳದ ಮರಿಕೇಂದ್ರದಲ್ಲಿ ಬೆಳೆಸಿದ ಮಹಶೀರ್ ಮರಿಗಳನ್ನು ಕಾವೇರಿಗೆ ಬಿಡಲಾಯಿತು. ಆದರೆ ಅವು ಕೃಷ್ಣಾ ಕೊಳ್ಳದ ನೀಲಿರೆಕ್ಕೆಯ ಇನ್ನೊಂದು ಜಾತಿ. ಗಾಲಿಬೋರೆಯ ಗಾಳ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ದಾಖಲೆಯನ್ನು ಸಂಶೋಧಕರು ಪರಿಶೀಲಿಸಿದಾಗ ಒಟ್ಟು ಮೀನಿನ ಸಂಖ್ಯೆ ಏರಿದ್ದು ಕಂಡಿತು. ಏರಿದ್ದು ನೀಲಿರೆಕ್ಕೆಯದು, ಗೂನುಬೆನ್ನಿನದು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು. ಮೀನು ಹೆಚ್ಚುತ್ತಿದೆ ಎಂಬ ಸಮಾಧಾನದ ಮರೆಯಲ್ಲಿ ಒಂದು ಜಾತಿ ಅಳಿವಿನ ಅಂಚಿಗೆ ಸರಿಯಿತು. ಅದಕ್ಕೆ ಆಗಿನ್ನೂ ಖಚಿತವಾದ ವೈಜ್ಞಾನಿಕ ಹೆಸರೂ ಇರಲಿಲ್ಲ. ಕೇರಳದ ಪಾಂಬಾರ್‌ನಿಂದ ವಿವರಿಸಲಾಗಿದ್ದ ಟಾರ್ ರೆಮಾದೇವಿಯೇ ಇದು ಎಂದು 2018ರಲ್ಲಿ ಸ್ಪಷ್ಟವಾಯಿತು, ಅದೇ ವರ್ಷ ಅಂತಾರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ತೀವ್ರ ಅಪಾಯದಲ್ಲಿರುವ ಜೀವಿ ಎಂದು ಸೇರಿತು. ಯಾವ ನದಿಗೆ ಯಾವ ಮರಿ ಎಂಬುದು ಎಷ್ಟು ಮರಿ ಎಂಬುದಕ್ಕಿಂತ ದೊಡ್ಡ ಪ್ರಶ್ನೆ ಎಂದು ಈ ದಾಖಲೆ ಕಲಿಸುತ್ತದೆ.

ಹೊರದೇಶದ ಮೀನುಗಳ ಹಾವಳಿ ಇದರ ಮುಂದುವರಿದ ಭಾಗ. 1952ರಲ್ಲಿ ಭಾರತಕ್ಕೆ ತಂದ ತಿಲಾಪಿಯಾ, ಜನರ ಬಾಯಲ್ಲಿ ಜಿಲೇಬಿ, ಇಂದು ಹಳೆಮೈಸೂರಿನ ಕೆರೆಗಳನ್ನೆಲ್ಲ ತುಂಬಿಕೊಂಡಿದೆ. ವರ್ಷಕ್ಕೆ ಹಲವು ಬಾರಿ ಮರಿಮಾಡಿ, ಮರಿಗಳನ್ನು ಬಾಯಲ್ಲಿಟ್ಟು ಕಾಯುವ ಅದರ ಮುಂದೆ ಸ್ಥಳೀಯ ಮೀನುಗಳಿಗೆ ಜಾಗ ಸಿಗುವುದಿಲ್ಲ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲಿ ನಿಷೇಧವಿದ್ದರೂ ಗುಟ್ಟಾಗಿ ಕೋಳಿ ಅಂಗಡಿಯ ತ್ಯಾಜ್ಯ ತಿನ್ನಿಸಿ ಬೆಳೆಸುವುದು ನಿಂತಿಲ್ಲ. ಗಾಳಿಯನ್ನೂ ಉಸಿರಾಡಬಲ್ಲ ಈ ಮೀನು ಮಳೆಗೆ ಹೊಂಡ ಉಕ್ಕಿದಾಗ ಹಳ್ಳ ಸೇರಿ ಸಿಕ್ಕಿದ್ದನ್ನೆಲ್ಲ ನುಂಗುತ್ತದೆ. ಅಕ್ವೇರಿಯಂನಲ್ಲಿ ದೊಡ್ಡದಾದ ಮೀನನ್ನು ಕರುಣೆಯಿಂದ ಕೆರೆಗೆ ಬಿಟ್ಟುಬರುವವರೂ ತಿಳಿಯದೆ ಇದೇ ಹಾನಿ ಮಾಡುತ್ತಾರೆ.

ಕಾನೂನಿಗಿಂತ ಮೊದಲೇ ಮೀನನ್ನು ಉಳಿಸಿದ್ದು ದೇವರ ಹೆಸರು. ಶೃಂಗೇರಿಯಲ್ಲಿ ತುಂಗೆಯ ಸ್ನಾನಘಟ್ಟ, ತೀರ್ಥಹಳ್ಳಿಯ ಬಳಿಯ ಚಿಬ್ಬಲಗುಡ್ಡೆ, ಕಾವೇರಿ ದಡದ ರಾಮನಾಥಪುರ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ, ಇಲ್ಲೆಲ್ಲ ದೇವಸ್ಥಾನದ ಮುಂದಿನ ನೀರಿನಲ್ಲಿ ಮೀನು ಹಿಡಿಯುವಂತಿಲ್ಲ. ಇಂಥ ತಾಣಗಳಲ್ಲಿ ಮೀನು ದೊಡ್ಡದಾಗಿ ಬೆಳೆದು ಮೊಟ್ಟೆಯಿಡುತ್ತದೆ, ಅದರ ಸಂತಾನ ಮೇಲಿನ ಕೆಳಗಿನ ಹೊಳೆಗೂ ಹರಡುತ್ತದೆ. ಶಿಶಿಲದ ಕಪಿಲಾ ಹೊಳೆಗೆ 1996ರಲ್ಲಿ ಕಿಡಿಗೇಡಿಗಳು ವಿಷ ಹಾಕಿ ಸಾವಿರಾರು ಮೀನು ಸತ್ತವು, ಅವುಗಳ ನೆನಪಿಗೆ ಊರವರು ಕಟ್ಟಿದ ಸ್ಮಾರಕ ಇಂದಿಗೂ ಅಲ್ಲಿದೆ. ಆಮೇಲೆ ಮೀನು ಮತ್ತೆ ತುಂಬಿಕೊಂಡದ್ದು ಹೊಳೆಯ ಶಕ್ತಿ, ಊರವರ ಕಾವಲಿನ ಶಕ್ತಿ. ಭಕ್ತರು ಎಸೆಯುವ ಪುರಿ, ಅಕ್ಕಿ ಹೆಚ್ಚಾದರೆ ತಿನ್ನದೆ ಉಳಿದದ್ದು ಕೊಳೆತು ನೀರು ಕೆಡಿಸುತ್ತದೆ, ಬೇಸಿಗೆಯಲ್ಲಿ ಹರಿವು ನಿಂತಾಗಂತೂ ಕೈ ಬಿಗಿಹಿಡಿಯುವುದು ಒಳಿತು. ಪ್ಲಾಸ್ಟಿಕ್ ಪೊಟ್ಟಣವನ್ನು ನೀರಿಗೆಸೆಯುವುದಕ್ಕೆ ಯಾವ ಭಕ್ತಿಯೂ ಸಮರ್ಥನೆಯಲ್ಲ.

ವನ್ಯಜೀವಿಧಾಮ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗಿನ ನೀರಿಗೆ 1972ರ ವನ್ಯಜೀವಿ ಕಾಯ್ದೆ ಅನ್ವಯ. ಕಾವೇರಿ ವನ್ಯಜೀವಿಧಾಮದ ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿಯ ಗಾಳ ಶಿಬಿರಗಳಲ್ಲಿ ಗಾಳ ಹಾಕುವುದು ನಿಂತದ್ದು ಈ ಹಿನ್ನೆಲೆಯಲ್ಲಿ. ಅನುಮತಿಯಿರುವ ಬೇರೆ ಕಡೆ ಹವ್ಯಾಸಕ್ಕಾಗಿ ಹಿಡಿದು ಬಿಡುವವರು ಕೆಲವು ಸಂಗತಿಗಳನ್ನು ಪಾಲಿಸಿದರೆ ಮಾತ್ರ ಬಿಟ್ಟ ಮೀನು ಬದುಕುತ್ತದೆ. ಮುಳ್ಳಿಲ್ಲದ ಗಾಳ ಬೇಗ ಬಿಡಿಸಲು ಬರುತ್ತದೆ. ಒಣಗೈಯಲ್ಲಿ ಮುಟ್ಟಿದರೆ ಮೈಮೇಲಿನ ಲೋಳೆ ಕಿತ್ತುಬಂದು ಬೂಷ್ಟು ಹತ್ತುವುದರಿಂದ ಕೈ ಒದ್ದೆಮಾಡಿಕೊಳ್ಳಬೇಕು. ಫೋಟೊಗಾಗಿ ದವಡೆ ಹಿಡಿದು ನೇತಾಡಿಸಿದರೆ ಭಾರದ ಮೀನಿನ ಒಳಗಿನ ಅಂಗಗಳಿಗೆ ಪೆಟ್ಟಾಗುತ್ತದೆ. ದಣಿದ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದು, ತಾನೇ ಬಾಲ ಬೀಸಿ ಹೊರಡುವವರೆಗೆ ಆಸರೆ ಕೊಡಬೇಕು. ಬಿಸಿಲುಗಾಲದ ಮಡುಗಳಲ್ಲಿ ಆಮ್ಲಜನಕ ಕಡಿಮೆ, ಓಡಲು ಬೇರೆ ನೀರಿಲ್ಲ. ಆಗ ಗಾಳವನ್ನು ಮನೆಯಲ್ಲಿಡುವುದೇ ಸರಿ.

ಹಿಡಿಯುವವರೆಲ್ಲ ನಿಯಮ ಪಾಲಿಸಿದರೂ ದಾರಿ ಕಟ್ಟಿದ್ದರೆ ಮೀನು ಏರಲಾರದು. ದೊಡ್ಡ ಅಣೆಕಟ್ಟುಗಳ ಬುಡದಲ್ಲಿ ಏರಲು ಬಂದ ಮೀನು ಗುಂಪುಗಟ್ಟಿ ನಿಲ್ಲುವುದರಿಂದ ಅಲ್ಲಿ ಬಲೆ ಬೀಸುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಹಾನಿಕರ. ಕರಾವಳಿ, ಮಲೆನಾಡಿನ ಕಿಂಡಿ ಅಣೆಕಟ್ಟುಗಳಲ್ಲಿ ಪರಿಹಾರ ಕೈಯಳತೆಯಲ್ಲೇ ಇದೆ. ಮಳೆಗಾಲ ಮುಗಿದಮೇಲೆ ಹಾಕಿದ ಹಲಗೆಗಳನ್ನು ಮುಂಗಾರಿನ ಮೊದಲ ನೆರೆಗೆ ಮುನ್ನವೇ ತೆಗೆದರೆ ಮೀನಿನ ದಾರಿ ತೆರೆಯುತ್ತದೆ, ಒಂದೆರಡು ವಾರ ತಡವಾದರೆ ಆ ವರ್ಷದ ಏರಾಟ ತಪ್ಪುತ್ತದೆ. ಮರಳು ತೆಗೆಯುವುದರಿಂದ ಕಳೆಯುವುದು ಮೊಟ್ಟೆಯಿಡುವ ಜಾಗ. ಮಹಶೀರ್‌ನಂಥ ಮೀನುಗಳಿಗೆ ಸ್ವಚ್ಛ ನೀರು ಹರಿಯುವ ಜಲ್ಲಿಯ ತಳವೇ ಬೇಕು.

ಹಿಡಿಯಬೇಡಿ ಎಂದಾಗ ಒಲೆ ಹೊತ್ತುವುದು ಹೇಗೆ ಎಂಬ ಮೀನುಗಾರರ ಪ್ರಶ್ನೆಗೆ ಉತ್ತರ ಕೊಡದ ನಿಷೇಧ ಕಾಗದದ ಮೇಲೇ ಉಳಿಯುತ್ತದೆ. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಮುದ್ರದವರಿಗಷ್ಟೇ ಅಲ್ಲ, ಒಳನಾಡಿನ ಬಡ ಮೀನುಗಾರರಿಗೂ ನಿಷೇಧದ ಮೂರು ತಿಂಗಳಿಗೆ ನೆರವಿದೆ: ಮೀನುಗಾರ ಉಳಿಸಿದ 1500 ರೂಪಾಯಿಗೆ ಸರ್ಕಾರ 3000 ಸೇರಿಸಿ 4500 ಕೊಡುತ್ತದೆ. ಒಂದು ಮನೆಯ ಮೂರು ತಿಂಗಳಿಗೆ ಇದು ಸಾಲದು, ಹೆಚ್ಚಿಸಲೇಬೇಕಾದ ಮೊತ್ತ. ಇರುವುದನ್ನಾದರೂ ಪಡೆಯಲು ಸಹಕಾರ ಸಂಘದ ಸದಸ್ಯತ್ವ, ಬ್ಯಾಂಕ್ ಖಾತೆಗಳು ಸರಿಯಿರಬೇಕು, ಮಾಹಿತಿ ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಸಿಗುತ್ತದೆ. ಸ್ಫೋಟಕ, ವಿಷ, ವಿದ್ಯುತ್ ಬಳಕೆಯ ದೂರನ್ನೂ ಅಲ್ಲಿಗೆ ಅಥವಾ 112ಕ್ಕೆ ತಿಳಿಸಬಹುದು. ಹೊಳೆಯಲ್ಲಿ ಮೀನು ರಾಶಿರಾಶಿಯಾಗಿ ಸತ್ತು ತೇಲಿದಾಗ ತಡಮಾಡುವಂತಿಲ್ಲ, ಹರಿಯುವ ನೀರಿನಲ್ಲಿ ವಿಷ ಕೆಲವೇ ಗಂಟೆಗಳಲ್ಲಿ ಮುಂದೆ ಸಾಗಿಬಿಡುತ್ತದೆ. ಮೀನು ಸತ್ತ ಜಾಗದ ನೀರನ್ನು ಸ್ವಚ್ಛ ಬಾಟಲಿಯಲ್ಲಿ ತುಂಬಿ, ಸ್ಥಳ ಮತ್ತು ಹೊತ್ತು ಬರೆದು, ತಂಪಿನಲ್ಲಿಟ್ಟು, ಇಲಾಖೆಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ ತಿಳಿಸಬೇಕು. ಆ ಮೀನನ್ನು ತಿನ್ನಬಾರದು, ಮಾರಬಾರದು, ಕೋಳಿ ನಾಯಿಗಳಿಗೂ ಹಾಕಬಾರದು. ಕೆಳಗಿನ ಊರುಗಳ ಕುಡಿಯುವ ನೀರಿನ ಪಂಪುಗಳನ್ನು ನಿಲ್ಲಿಸುವಂತೆ ಗ್ರಾಮ ಪಂಚಾಯಿತಿಗಳಿಗೆ ಕೂಡಲೇ ಹೇಳಬೇಕು.